ಎಡಗೆನ್ನೆ

ನಾನು ವಿಜಯಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ನಡೆದದ್ದನ್ನಷ್ಟೇ ಬರೆಯುತ್ತೇನೆ. ತಿಕೋಟಾದ ಮನೆಯಲ್ಲಿ ಅಪ್ಪ ದಿನಾ ಬೆಳಿಗ್ಗೆ ಬಾಗಿಲ ಚೌಕಟ್ಟಿಗೆ ಕಟ್ಟಿದ ಚರ್ಮದ ಪಟ್ಟಿಯ ಮೇಲೆ ಮಡಚುಗತ್ತಿ ಮಸೆದು, ಎಡಗೆನ್ನೆಯಿಂದ ಕ್ಷೌರ ಶುರುಮಾಡುತ್ತಿದ್ದ. ಎಂಬತ್ತು ದಾಟಿ ಕೈ ನಡುಗತೊಡಗಿತ್ತು. ಒಂದು ದಿನ ಎಡಗೆನ್ನೆಯಷ್ಟೇ ಮುಗಿದಿದ್ದಾಗ ಕತ್ತಿ ಕಸಿದುಕೊಂಡು, ಬಳಸಿ ಎಸೆಯುವ ರೇಜರು ಕೊಟ್ಟೆ.

“ಎರಡೂ ಉಕ್ಕ ಅಲ್ಲೇನಪ್ಪಾ? ಇದರಾಗ ಕೊಯ್ಕೊಳ್ಳೂ ಅಂಜಿಕಿ ಇಲ್ಲ.”

“ಇದು ಕೆರೀತೈತಿ, ಬೋಳಸೂದಿಲ್ಲ. ಇನ್ನೊಂದ ಗಲ್ಲಾ ಉಳದೈತಿ, ನನ್ನ ಕತ್ತಿ ಕೊಡೋ ಮಾಸ್ತರ!”

ಕೊಡಲಿಲ್ಲ; ಗುಜರಿಗೆ ಹಾಕಿದೆ. ಅಪ್ಪ ಆಮೇಲೆ ಗಡ್ಡ ಮುಟ್ಟಲೇ ಇಲ್ಲ. ಆ ಗಡ್ಡದಲ್ಲೇ ತಿಂಗಳೊಳಗೆ ತೀರಿಕೊಂಡ.

ನಮ್ಮಲ್ಲಿ ಹನ್ನೊಂದು ದಿನ ಮಕ್ಕಳು ಗಡ್ಡ ತೆಗೆಯುವುದಿಲ್ಲ. ಏಳನೆಯ ಬೆಳಿಗ್ಗೆ ಪಟ್ಟಿಯ ಚಟ್ ಚಟ್ ಸದ್ದಿಗೆ ಎಚ್ಚರವಾಯಿತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಮುಟ್ಟಿದರೆ ಪಟ್ಟಿ ಬೆಚ್ಚಗಿತ್ತು.

ಚಹಾ ತಂದ ಅವ್ವ ನನ್ನ ಮುಖ ನೋಡಿ ನಿಂತಳು. “ನಾಚಿಕಿ ಇಲ್ಲೇನಲೇ? ಹನ್ನೊಂದ ದಿನ ತಡ್ಕೊಳ್ಳಾಕ ಆಗಲಿಲ್ಲ? ಅದೂ ಒಂದ ಗಲ್ಲಾ ಬೋಳಿಸ್ಕೊಂಡೀಯಲ್ಲ!”

ಎಡಗೆನ್ನೆಗೆ ಕೈಯಾಡಿಸಿದೆ. ನುಣುಪಾಗಿ, ತಣ್ಣಗಿತ್ತು. ಒಂದು ಗೀರೂ ಇರಲಿಲ್ಲ.

ಇದಾಗಿ ನಾಲ್ಕು ವರ್ಷ. ಬಲಗೆನ್ನೆಗೆ ಈಗಲೂ ದಿನಾ ಅಂಥದೇ ರೇಜರು ಬೇಕು. ಎಡಗೆನ್ನೆಯಲ್ಲಿ ಇನ್ನೂ ಒಂದು ಕೂದಲೂ ಬಂದಿಲ್ಲ.