ಎರಡು ರೂಪಾಯಿ ಎಂಟಾಣೆ

ಹುಬ್ಬಳ್ಳಿಯ ನೋಟು-ನಾಣ್ಯಗಳ ಪ್ರದರ್ಶನದಲ್ಲಿ ಒಬ್ಬ ವ್ಯಾಪಾರಿ ಶಂಭುಲಿಂಗನ ಆಲ್ಬಮ್ಮನ್ನು ಒಂದೇ ಬೆರಳಿನಿಂದ ತಿರುವಿದ. ಇಪ್ಪತ್ತೆರಡು ವರ್ಷ ಕೂಡಿಸಿದ್ದನ್ನು ನೋಡಿ ಮುಗಿಸಲು ಅವನಿಗೆ ಒಂದು ನಿಮಿಷ ಸಾಕಾಯಿತು.

"ಟ್ರ್ಯಾಕ್ಟರ್ ನೋಟು, ಜಿಂಕಿ ನೋಟು... ಇವನ್ನ ಮಕ್ಕಳಿಗೆ ಕೊಡ್ರಿ ಯಜಮಾನ್ರ, ಆಡ್ಕೋತಾವು. ನೋಟು ಅಂದ್ರ ಎರಡು ರೂಪಾಯಿ ಎಂಟಾಣೆದ್ದು. ಅದನ್ನ ತಗೊಂಡ ಬರ್ರಿ, ನಾನ ಎದ್ದು ನಿಮಗ ಕುರ್ಚಿ ಕೊಡ್ತೇನಿ."

ಸುತ್ತ ನಿಂತವರು ನಕ್ಕರು. ಶಂಭುಲಿಂಗನೂ ನಕ್ಕ. ತಾನೂ ನಕ್ಕೆನಲ್ಲ ಎಂಬುದೇ ಆಮೇಲೆ ಅವನನ್ನು ಸುಟ್ಟಿತು. ಸವಣೂರಿಗೆ ಮರಳುವ ಬಸ್ಸಿನಲ್ಲೂ ಕೂಡಲು ಜಾಗ ಸಿಗಲಿಲ್ಲ.

ಸವಣೂರಿನಲ್ಲಿ ಅವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರಿಗೂ ಸತ್ತವರಿಗೂ ಒಂದೇ ದರ. ಐವತ್ತಾರು ವರ್ಷವಾದರೂ ಯಾರೂ ಅವನಿಗಾಗಿ ಎದ್ದು ಕುರ್ಚಿ ಬಿಟ್ಟುಕೊಟ್ಟವರಿಲ್ಲ. ಒಂದು ಮುಂಜಾನೆ ಅದನ್ನೇ ಯೋಚಿಸುತ್ತ ಒಲೆಯ ಪಕ್ಕ ಕುಳಿತಿದ್ದಾಗ ಹೆಂಡತಿ ನಾಗವ್ವ ಹಿತ್ತಲಿನಿಂದ ಓಡಿ ಬಂದಳು. "ಹಾಲು ಹೊತ್ತಿ ಓಣಿಗೆಲ್ಲಾ ಗೊತ್ತಾಗೇತಿ, ಪಕ್ಕದಾಗ ಕುಂತ ನಿಮಗ ಖಬರಿಲ್ಲ! ಆ ಜ್ವರ ಬಂದು ಹೋದಾಗಿಂದ ಹಿಂಗ ಆಗೀರಿ." ದೊಡ್ಡ ವಿಚಾರದಲ್ಲಿರುವವನಿಗೆ ಹಾಲಿನ ಚಿಂತೆ ಯಾಕೆ?

ತಿಂಗಳ ಮೇಲೆ, ಒಂದು ಮಧ್ಯಾಹ್ನ, ಆ ನೋಟು ತಾನಾಗಿ ಅಂಗಡಿಯ ಮೆಟ್ಟಿಲು ಹತ್ತಿ ಬಂತು.

ತಂದವಳು ರಹಿಮಾಬಿ. ಎಪ್ಪತ್ತು ದಾಟಿದ ಮುದುಕಿ. ಪೊರೆ ಬಂದು ಒಂದು ಕಣ್ಣು ಹೋಗಿತ್ತು, ಇನ್ನೊಂದಕ್ಕೆ ಬರೀ ನೆರಳು. ಕೈಹಿಡಿದು ಕರೆತಂದವನು ಅವಳ ತಮ್ಮ ಮಲ್ಲಿಕಸಾಬ. ಅವಳು ಮಖಮಲ್ಲಿನ ಚೀಲದಿಂದ ತೆಗೆದ ಕಾಗದ ನೋಡಿದೊಡನೆ ಶಂಭುಲಿಂಗ ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟ. ಐದನೇ ಜಾರ್ಜ್ ದೊರೆಯ ಮುಖ, ಪಕ್ಕದಲ್ಲಿ ಎರಡು ರೂಪಾಯಿ ಎಂಟಾಣೆ.

"ಮಾರೂದಲ್ಲ ಶಂಭಣ್ಣ," ಅಂದಳು ರಹಿಮಾಬಿ. "ಮದುವಿ ದಿನ ನನ್ನ ಮಾರಿ ನೋಡಿ ನಮ್ಮ ಮನ್ಯಾವ್ರು ಕೈಯಾಗ ಇಟ್ಟಿದ್ರು. ಅವರ ಅಜ್ಜಗ ಯಾವುದೋ ದೊಡ್ಡಮನಿ ಮದುವ್ಯಾಗ ಸಿಕ್ಕದ್ದಂತ. ಈಗ ಮಡಿಕಿ ಹರಿಯಾಕತ್ತೇತಿ, ಬೆರಳಿಗೆ ಹತ್ತತೇತಿ. ಏನರ ಮಾಡಿ ಉಳಿಸಿ ಕೊಡ್ರಿ."

ಅವಳ ಗಂಡ ಶಹಾಬುದ್ದೀನನನ್ನು ಊರೆಲ್ಲ ಬಲ್ಲದು. ಹೆಗಲಿಗೆ ಪೆಟ್ಟಿಗೆ ಹಾಕಿಕೊಂಡು ಹಾನಗಲ್ಲು, ಶಿಗ್ಗಾಂವಿಯ ಸಂತೆಗಳಲ್ಲಿ ಅತ್ತರು ಮಾರುತ್ತಿದ್ದವನು, ತೀರಿಹೋಗಿ ಹನ್ನೊಂದು ವರ್ಷ. ಮಕ್ಕಳಿಲ್ಲ. ಫೋಟೋ ತೆಗೆಸಿಕೊಂಡ ಮನುಷ್ಯನೂ ಅಲ್ಲ.

"ದಿನಾ ಸಂಜಿಕೆ ಇದನ್ನ ಮಾರಿ ಹತ್ರ ಹಿಡಕೊಂಡು ಕುಂಡ್ರತಾಳ್ರಿ," ಅಂದ ಮಲ್ಲಿಕಸಾಬ. "ಇದೊಂದ ಉಳದೇತಿ ಆಕಿಗೆ."

ಕಾಣದ ಕಣ್ಣಿಗೆ ಎಷ್ಟು ಹತ್ತಿರ ಹಿಡಿದರೇನು, ಅಂದುಕೊಂಡ ಶಂಭುಲಿಂಗ. ನೋಟನ್ನು ನಾಲ್ಕು ದಿನ ತನ್ನ ಬಳಿ ಬಿಟ್ಟು ಹೋಗಲು ಹೇಳಿದ. ಒಂದು ದಿನವೂ ಅದನ್ನು ಬಿಟ್ಟು ಇದ್ದಿಲ್ಲವೆಂದು ಮುದುಕಿ ಹಿಂಜರಿದಳು. ಕೊನೆಗೆ ಎರಡೂ ಕೈಯಿಂದ ಕೊಟ್ಟಳು.

ಬಾಗಿಲು ಅರ್ಧ ಮುಚ್ಚಿ ಅವನು ನೋಟನ್ನು ಬೆಳಕಿಗೆ ಹಿಡಿದ. ಒಳಗಿನ ನೀರಗುರುತು ಸರಿಯಾಗಿತ್ತು. ನಂಬರು ಸ್ಪಷ್ಟ, ಸಹಿ ಅಳಿಸಿಲ್ಲ. ಟಾಚಣಿ ಚುಚ್ಚಿದ ಎರಡು ತೂತು, ನಡುವೆ ಒಂದು ಮಡಿಕೆ, ಬಲಮೂಲೆಯಲ್ಲಿ ರೂಪಾಯಿ ಅಗಲದ ಎಣ್ಣೆಯ ಕಲೆ. ತಲೆಗೆ ಎಣ್ಣೆ ಹಚ್ಚಿದ ಯಾರದೋ ಕೈ ತಾಗಿರಬೇಕೆಂದು ಬೆಲೆಯಲ್ಲಿ ಒಂದಿಷ್ಟು ಕಳೆದ. ಕಳೆದರೂ ಲಕ್ಷಗಳಲ್ಲೇ ಉಳಿಯಿತು. ಆದರೆ ಅವನ ಕಣ್ಣಿಗೆ ಕಟ್ಟಿದ್ದು ಲಕ್ಷವಲ್ಲ, ಆ ವ್ಯಾಪಾರಿ ಎದ್ದು ನಿಂತು ಖಾಲಿ ಮಾಡಿದ ಕುರ್ಚಿ.

ಕುರುಡಿಗೆ ಯಾವ ಕಾಗದವಾದರೂ ಒಂದೇ. ಅವಳು ಬದುಕಿರುವ ತನಕ ಒಂದು ನೋಟು ಹಿಡಿದು ಕೂತರಾಯಿತು. ಇದರಲ್ಲಿ ಯಾರಿಗೆ ಏನು ನಷ್ಟ? ಹೀಗೆ ತನ್ನ ಮನಸ್ಸಿಗೆ ತಾನೇ ಸಮಾಧಾನ ಹೇಳಿ ಶಂಭುಲಿಂಗ ಕೆಲಸಕ್ಕೆ ಇಳಿದ.

ಒಂದೇ ಊರಿನಲ್ಲಿ ಎಲ್ಲ ಮಾಡುವ ದಡ್ಡ ಅವನಲ್ಲ. ಹಿರೇಕೆರೂರಿನ ರದ್ದಿ ಅಂಗಡಿಯಲ್ಲಿ ಒಂದು ಹಳೇ ಪಂಚಾಂಗ ಕೊಂಡ. ಅದರ ಕೊನೆಯ ಖಾಲಿ ಹಾಳೆ ಬೇಕಿತ್ತು. ಬೆರಳಿಗೆ ಹಳೇ ಕಾಗದವೇ ಹತ್ತಬೇಕಲ್ಲ. ಗುರುತಿನವರಿಲ್ಲದ ಶಿಗ್ಗಾಂವಿಯಲ್ಲಿ ಆ ಹಾಳೆಯ ಮೇಲೆ ನೋಟಿನ ಬಣ್ಣದ ಪ್ರಿಂಟು ತೆಗೆಸಿದ. ನಾಗವ್ವನಿಗೆ ಮಾತ್ರ ಹಾನಗಲ್ಲಿನಲ್ಲಿ ಮಠದ ಫೋಟೋಗಳ ಕೆಲಸವಿದೆ ಎಂದಿದ್ದ. ಪ್ರಿಂಟನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದ, ಅಳೆದು ಕತ್ತರಿಸಿದ, ಅಸಲಿಯಲ್ಲಿ ಮಡಿಕೆ ಇದ್ದಲ್ಲೇ ಮಡಿಚಿದ, ಅದು ಹರಿದಷ್ಟೇ ಹರಿದ, ಸೂಜಿಯಿಂದ ಅದೇ ಎರಡು ತೂತು ಚುಚ್ಚಿದ. ಎಣ್ಣೆಯ ಕಲೆಯನ್ನೂ ಮರೆಯಲಿಲ್ಲ. ನಾಗವ್ವನ ಬಾಟಲಿಯಿಂದ ಒಂದು ಹನಿ ಕೊಬ್ಬರಿ ಎಣ್ಣೆ ಬಲಮೂಲೆಗೆ ಬಿಟ್ಟ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ತನ್ನ ಕೈಗೆ ತಾನೇ ಮುತ್ತಿಡಬೇಕೆನಿಸಿತು. ನಕಲನ್ನು ತೆಳು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಮುಚ್ಚಿದ.

ನಾಲ್ಕನೇ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ. ಅಸಲಿ ನೋಟು ಕಾಗದದಲ್ಲಿ ಸುತ್ತಿ ಎದೆಯ ಜೇಬಿಗೆ ಸೇರಿತು. ರಹಿಮಾಬಿಯ ಮನೆಯಿಂದ ನೇರ ಹುಬ್ಬಳ್ಳಿ ಬಸ್ಸು. ಚಹಾದಂಗಡಿಯ ಚೌಡಪ್ಪ ಬಟ್ಟಲು ಕೊಡಲು ಬಗ್ಗಿದವನು ನಕ್ಕ. "ಏನ್ರಿ ಶಂಭಣ್ಣ, ಯಾರ ಮದುವಿಗೆ ಹೊಂಟೀರಿ?" ಇಸ್ತ್ರಿ ಅಂಗಿಗೆ ಎಷ್ಟು ಬೆಲೆ ನೋಡು, ಅಂದುಕೊಂಡ ಶಂಭುಲಿಂಗ.

ಅವನು ಹೊಸ್ತಿಲು ದಾಟಿ ಇನ್ನೂ ಬಾಯಿ ತೆರೆದಿರಲಿಲ್ಲ, ರಹಿಮಾಬಿ ಚಾಪೆಯಿಂದ ಎದ್ದಳು. ಮುಖ ಅರಳಿತ್ತು. "ಬರ್ರಿ ಶಂಭಣ್ಣ. ತಂದೀರಿ, ಗೊತ್ತಾತು ನನಗ." ಹೆಜ್ಜೆ ಸಪ್ಪಳದ ಗುರುತಿರಬೇಕು. ಬಾಗಿಲ ಬಳಿ ಮಲ್ಲಿಕಸಾಬ ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಪ್ಲಾಸ್ಟಿಕ್ ತಗೀಬ್ಯಾಡ್ರಿ ಅಕ್ಕಾರ, ಹಾಳಾಕ್ಕೇತಿ," ಅಂದ ಶಂಭುಲಿಂಗ, ಲಕೋಟೆಯನ್ನು ಅವಳ ಕೈಗಿಡುತ್ತ.

ಅವಳು ಕೇಳಲಿಲ್ಲ. ಲಕೋಟೆ ಬಿಡಿಸಿದಳು, ಮಡಿಕೆಯ ಮೇಲೆ ಬೆರಳಾಡಿಸಿದಳು, ತಲೆದೂಗಿದಳು. ಶಂಭುಲಿಂಗ ಉಸಿರು ಬಿಟ್ಟ. ಹನ್ನೊಂದು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.

ಆಮೇಲೆ ಅವಳು ನೋಟನ್ನು ಮುಖಕ್ಕೆ ಹಿಡಿದಳು, ಕಣ್ಣಿಗಲ್ಲ, ಮೂಗಿಗೆ. ಅರಳಿದ ಮುಖ ನೋಡನೋಡುತ್ತ ಬಾಡಿತು. "ಇದು ಕೊಬ್ಬರಿ ಎಣ್ಣಿ," ಅಂದಳು. ಅವಳ ಕೈ ಗಾಳಿಯಲ್ಲಿ ತಡವುತ್ತ ಬಂದು ಶಂಭುಲಿಂಗನ ಎದೆಯ ಜೇಬಿನ ಮೇಲೆ ನಿಂತಿತು. "ನಮ್ಮ ಮನ್ಯಾವ್ರ ಹಿನಾ ಅತ್ತರು ಇಲ್ಲಿ ಐತಿ. ನಲವತ್ತು ವರ್ಷ ಅವರ ಅತ್ತರ ಪೆಟಿಗ್ಯಾಗ ಇತ್ರಿ ಆ ನೋಟು. ನೀವು ಒಳಗ ಬಂದ ಕೂಡ್ಲೇ ಮನಿ ತುಂಬೇತಿ, ನಿಮಗ ವಾಸನಿ ಬರವಲ್ದೇನು?" ಅವನಿಗೆ ಬರುತ್ತಿರಲಿಲ್ಲ. ಕೊರೋನಾ ಜ್ವರ ಇಳಿದಂದಿನಿಂದ ಅವನ ಮೂಗಿಗೆ ಮಲ್ಲಿಗೆಯೂ ಇಲ್ಲ, ಗಟಾರವೂ ಇಲ್ಲ. ಅದು ರೂಢಿಯಾಗಿ, ಜಗತ್ತಿನಲ್ಲಿ ವಾಸನೆ ಎಂಬುದೊಂದಿದೆ ಎನ್ನುವುದನ್ನೇ ಮರೆತಿದ್ದ. ಮಲ್ಲಿಕಸಾಬ ಎದ್ದ, ಬಾಗಿಲು ಹಾಕಿ ಚಿಲಕ ಸರಿಸಿದ, ಮೂಲೆಯಲ್ಲಿದ್ದ ಒಂದೇ ಒಂದು ಕುರ್ಚಿಯನ್ನು ಎಳೆದು ಅವನ ಮುಂದೆ ಇಟ್ಟ. "ಕುಂಡ್ರಿ," ಅಂದ.