ಫಿಯಟ್ಟಿನ ಭಾನುವಾರಗಳು

ಮೊದಲ ದಿನ ಶೈಲಜಾ ಹಾಲೇಶನನ್ನು ಗುಜರಿಯವನೆಂದುಕೊಂಡು ಗೇಟಿನಲ್ಲೇ ನಿಲ್ಲಿಸಿದ್ದಳು.

"ಗಾಡಿ ಮಾರಂಗಿಲ್ಲ, ಹೋಗ್ರಿ."

"ಕೊಳ್ಳಾಕ ಬಂದಿಲ್ರಿ ಮೇಡಂ, ಬಿಚ್ಚಾಕ ಬಂದೀನಿ."

ಅಂಗಿಯ ತುಂಬ ಗಣಿಯ ಕೆಂಪು ದೂಳು, ಕಣ್ಣಲ್ಲಿ ಆಗಲೇ ನಗು. ಸಂಡೂರು ಬಳಿಯ ಯಶವಂತನಗರದ ಗಣಿಯಲ್ಲಿ ಡಂಪರ್ ರಿಪೇರಿ ಮಾಡುವ ಮೆಕ್ಯಾನಿಕ್ಕನ್ನು ಅಪ್ಪ ಉಜ್ಜಿನಪ್ಪನವರೇ ಕರೆಸಿದ್ದಾರೆಂದು ಅವಳಿಗೆ ತಿಳಿಯುವಷ್ಟರಲ್ಲಿ, ಅವನು ಬಾನೆಟ್ ಎತ್ತಿ ಒಳಗೆ ತಲೆ ಹಾಕಿಯಾಗಿತ್ತು.

ಅಜ್ಜ ಕೊಂಡಿದ್ದ ಅರವತ್ತೇಳರ ಫಿಯಟ್ ಅದು. ಚಿತ್ತವಾಡ್ಗಿಯ ಮನೆಯ ತಗಡಿನ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷದಿಂದ ನಿಂತಲ್ಲೇ ನಿಂತಿತ್ತು. ಹಾಗೆ ನೋಡಿದರೆ ಶೈಲಜಾಳೂ ನಿಂತಲ್ಲೇ ನಿಂತಿದ್ದಳು. ಡ್ಯಾಮಿನ ಕಾಲುವೆ ಆಫೀಸು, ಮನೆ, ಹಾಸಿಗೆ ಹಿಡಿದಿದ್ದ ಅವ್ವ. ಅವ್ವ ಹೋಗುವ ಹೊತ್ತಿಗೆ ಅವಳಿಗೆ ಮೂವತ್ತಾರು ತುಂಬಿ, ಮದುವೆಯ ಮಾತೆತ್ತುವವರೂ ಸುಮ್ಮನಾಗಿದ್ದರು.

ಹಾಲೇಶನ ಕೈ ಪಳಗಿದ್ದು ಡೀಸೆಲ್ ಇಂಜಿನ್ನಿನಲ್ಲಿ. ಪೆಟ್ರೋಲ್ ಗಾಡಿ ಹೊಸದು. ಇಲಿ ಕಡಿದ ಮ್ಯಾನ್ಯುವಲ್ ಇಂಗ್ಲಿಷಿನಲ್ಲಿತ್ತು. ಹಾಗಾಗಿ ಭಾನುವಾರದ ಕೆಲಸಕ್ಕೆ ಒಂದು ಪದ್ಧತಿ ಬಿತ್ತು: ಅವಳು ಸ್ಟೂಲಿನ ಮೇಲೆ ಕೂತು ಕನ್ನಡ ಮಾಡಿ ಓದುವುದು, ಅವನು ಕೇಳಿ ಕೈ ಆಡಿಸುವುದು.

"ಜಲ್ದಿ ಓದ್ರಿ, ಆಯಿಲ್ ಮಾರಿ ಮ್ಯಾಲೆ ಬೀಳಾಕತ್ತೈತಿ."

"ಬೀಳ್ಲಿ ಬಿಡ್ರಿ. ಇಂಜಿನ್ನಿಗಿಂತ ನಿಮಗಾ ಸರ್ವೀಸ್ ಬೇಕಾಗೈತಿ."

ಕಾರಿನಡಿಯಿಂದ ನಗು ಮಾತ್ರ ಹೊರಗೆ ಬರುತ್ತಿತ್ತು. ಸಂಜೆ ಹಳೇ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ, "ಇವತ್ತಿಗೆ ಸಾಕ್ರಿ" ಎನ್ನುವಾಗ ಒಂದೇ ಸಲ ಅವಳನ್ನು ನೆಟ್ಟಗೆ ನೋಡುತ್ತಿದ್ದ. ಆ ಒಂದು ನೋಟ ಅವಳಿಗೆ ಶನಿವಾರದ ತನಕ ಸಾಲುತ್ತಿತ್ತು.

ಎಂಟು ತಿಂಗಳಲ್ಲಿ ಬ್ರೇಕು ಸರಿಹೋಯಿತು, ಕ್ಲಚ್ಚು ಸರಿಹೋಯಿತು, ಕಾರ್ಬ್ಯುರೇಟರ್ ಹೊಳೆಯಿತು. ಉಳಿದದ್ದು ಇಂಜಿನ್ನಿಗೆ ಕಿಡಿ ಕೊಡುವ ನಾಲ್ಕು ಪ್ಲಗ್ ವೈರು; ಅವನ್ನು ಸರಿಯಾದ ಕ್ರಮದಲ್ಲೇ ಜೋಡಿಸಬೇಕಿತ್ತು.

"ಯಾವುದರ ಹಿಂದ ಯಾವುದು, ಓದ್ರಿ."

ಶೈಲಜಾ ಪುಟದ ಮೇಲೆ ಬೆರಳಿಟ್ಟಳು. ಇಂಜಿನ್ ಶುರುವಾದ ಮೇಲೆ ಇವನಿಗೆ ಇಲ್ಲೇನು ಕೆಲಸ? ಪುಸ್ತಕದಲ್ಲಿ ಒಂದು, ಮೂರು, ನಾಲ್ಕು, ಎರಡು ಎಂದಿತ್ತು. ಅವಳು, "ಒಂದು, ಎರಡು, ಮೂರು, ನಾಲ್ಕು" ಎಂದು ಓದಿಬಿಟ್ಟಳು. ಡೀಸೆಲ್ ಡಂಪರಿಗೆ ಪ್ಲಗ್ಗೇ ಇರುವುದಿಲ್ಲ, ಅವನಿಗೆಲ್ಲಿ ತಿಳಿಯುತ್ತದೆ?

ಮೂರು ಭಾನುವಾರ ಫಿಯಟ್ ಫಟ್ ಫಟ್ ಎಂದು ಸೀನಿ ಸುಮ್ಮನಾಯಿತು. ಉಜ್ಜಿನಪ್ಪನವರ ತಾಳ್ಮೆ ಮುಗಿಯಿತು. ಹಂಪಿ ಪಕ್ಕದ ಕಡ್ಡಿರಾಂಪುರದಲ್ಲಿ ಹೋಮ್‌ಸ್ಟೇ ಇಟ್ಟಿದ್ದ ಅವರ ಅಣ್ಣನ ಮಗ ಮನೋಹರನಿಗೆ, ಕಾರಿನ ಮುಂಭಾಗ ಕತ್ತರಿಸಿ ರಿಸೆಪ್ಷನ್ ಕೌಂಟರ್ ಮಾಡುವ ಆಸೆ ಮೊದಲಿನಿಂದ ಇತ್ತು.

"ಈ ಭಾನುವಾರ ನಾಲ್ಕಕ್ಕ ಅವನ ಲಾರಿ ಬರತೈತಿ," ಎಂದರು ಅಪ್ಪ. "ಅಷ್ಟರಾಗ ತಾನಾ ಗೇಟ್ ದಾಟಿದ್ರ ಇರ್ಲಿ. ಇಲ್ಲಂದ್ರ ಹೋಗ್ಲಿ."

ಆ ಭಾನುವಾರ ಮೂರೂ ನಲವತ್ತಾಗಿತ್ತು. ಹಾಲೇಶ ಒಂದೊಂದೇ ಸ್ಪ್ಯಾನರ್ ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದ. ಅಜ್ಜನ ಕಾರೂ ಹೋಗುತ್ತದೆ, ಇವನೂ ಹೋಗುತ್ತಾನೆ. ತಾನೇ ಕಟ್ಟಿದ ಸುಳ್ಳು ಎರಡನ್ನೂ ತಿನ್ನುತ್ತಿರುವುದನ್ನು ಅವಳು ನಿಂತು ನೋಡಿದಳು. ನೋಡಲಾಗಲಿಲ್ಲ. ಸ್ಟೂಲಿನ ಮೇಲೆ ಕೂತು ಪುಸ್ತಕ ತೆರೆದಳು.

"ಒಂದು," ಎಂದಳು.

ಅವನ ಕೈ ನಿಂತಿತು.

"ಮೂರು. ನಾಲ್ಕು. ಎರಡು." ಅವಳು ಪುಸ್ತಕ ಮುಚ್ಚಿದಳು. "ಇದು ಖರೆ ಐತ್ರಿ. ಅವತ್ತು ನಾನು ಬೇಕಂತಾ ತಪ್ಪು ಓದಿದ್ದೆ."

"ಯಾಕ್ರಿ?"

"ಗಾಡಿ ಶುರು ಆದ್ರ ನೀವು ಬರಂಗಿಲ್ಲಂತ."

ಹಾಲೇಶ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಯಿತು. "ಗೊತ್ತಿತ್ರಿ."

"ಏನು ಗೊತ್ತಿತ್ತು?"

"ಹದಿನಾಲ್ಕು ವರ್ಷ ಆತ್ರಿ ಇಂಜಿನ್ ಬಿಚ್ಚಾಕತ್ತಿ. ಡೀಸೆಲ್ ಇರ್ಲಿ, ಪೆಟ್ರೋಲ್ ಇರ್ಲಿ, ನಾಲ್ಕು ಸಿಲಿಂಡರು ಹಿಂಗ ಸಾಲು ಹಿಡಿದು ಉರಿಯೂದು ನಾನಂತೂ ಕಂಡಿಲ್ಲ."

"ಮತ್ಯಾಕ ಹಂಗ ಹಾಕಿದ್ರಿ?"

"ನೀವು ಓದಿದ್ರಲ್ರಿ." ಈಗ ಅವನು ನೋಡಿದ. ಸಂಜೆಯ ಆ ನೋಟವೇ, ಆದರೆ ಈ ಸಲ ತಿರುಗಿಸಲಿಲ್ಲ. "ನನಗೂ ಭಾನುವಾರ ಬೇಕಾಗಿದ್ವು."

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. "ಲಾರಿ ಬರೂ ಹೊತ್ತಾತಲ್ರೀ, ಬಾಯಿ ಹೊಲಕೊಂಡು ಕುಂತಿದ್ರ್ಯಾ?"

"ನೀವಾ ಹೇಳ್ಲಿ ಅಂತ ಕಾಯ್ದೆ. ವೈರ್ ಬದಲಿ ಮಾಡಾಕ ಎರಡು ನಿಮಿಷ ಸಾಕು. ಹತ್ರಿ, ಚಾವಿ ತಿರುಗಸ್ರಿ."

ಅವನು ವೈರು ಬದಲಿಸಿದ, ಅವಳು ಚಾವಿ ತಿರುಗಿಸಿದಳು. ಒಂದು ಸಲ ಗೊರಗೊರ ಎಂದಿತು. ಎರಡನೆಯ ಸಲ ಇಡೀ ಶೆಡ್ಡಿನ ತಗಡು ನಡುಗಿ, ನೀಲಿ ಹೊಗೆ ಎದ್ದು, ಫಿಯಟ್ ಉಸಿರು ಹಿಡಿಯಿತು. ಶೈಲಜಾ ಸ್ಟೇರಿಂಗಿಗೆ ಹಣೆ ಹಚ್ಚಿ ನಕ್ಕಳು, ಅತ್ತಳು, ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟಳು.

ಗೇಟು ದಾಟುವಾಗ ಎದುರಿಗೇ ಮನೋಹರನ ಲಾರಿ. ಓಣಿಯಲ್ಲಿ ಎರಡು ಗಾಡಿಗೆ ಜಾಗವಿಲ್ಲ. ಮನೆಮನೆಯ ಬಾಗಿಲಲ್ಲಿ ಜನ ನಿಂತಿದ್ದರು. ಅಷ್ಟು ದೊಡ್ಡ ಲಾರಿ ಇಷ್ಟು ಸಣ್ಣ ಫಿಯಟ್ಟಿಗೆ ದಾರಿ ಬಿಟ್ಟು ಹಿಂದೆ ಹಿಂದೆ ಹೋಯಿತು.

"ಕಾಕಾ, ನನ್ನ ಕೌಂಟರ್ರು?" ಎಂದು ಮನೋಹರ ಕೂಗಿದ.

"ಕಲ್ಲಿಂದು ಕಟ್ಟಿಸ್ಲೇ. ಹಂಪಿ ಮಗ್ಗಲಾಗ ಕುಂತವಗ ಕಲ್ಲಿಗೇನು ಬರ," ಎಂದು, ಕಾರಿನ ಹಿಂದೆಯೇ ನಡೆದು ಬಂದಿದ್ದ ಉಜ್ಜಿನಪ್ಪನವರು ಟವೆಲ್ ಹೆಗಲಿಗೆ ಹಾಕಿಕೊಂಡು, ಹಿಂದಿನ ಬಾಗಿಲು ತೆಗೆದು ಕೂತರು. ಶೆಡ್ಡಿನ ಮಗ್ಗುಲ ಕಿಟಕಿಯಲ್ಲಿ ಅವರು ಎಷ್ಟು ಹೊತ್ತಿನಿಂದ ನಿಂತು ಕೇಳಿಸಿಕೊಂಡಿದ್ದರೋ ಏನೋ.

"ಮನ್ಯಾಗ ಹಿರಿಯರು ಯಾರದಾರ ಹಾಲೇಶಪ್ಪ?"

"ಅವ್ವ ಅದಾಳ್ರಿ, ಯಶವಂತನಗರದಾಗ."

"ಹಂಗಾದ್ರ ಅತ್ತಾಗ ಹೊಂಡ್ಸು. ದಾರ್‍ಯಾಗ ಹೂವು ಹಣ್ಣು ತಗೊಳ್ಳೂಣು."

ಹಾಲೇಶ ಗಾಬರಿಯಾದ. "ಕೇಳಾಕ ಗಂಡಿನ ಕಡೆಯವರು ಬರಬೇಕಲ್ರಿ ಯಜಮಾನ್ರ."

"ಎಂಟು ತಿಂಗಳು ನೀ ಬಂದಿ. ಈಗ ನಮ್ಮ ಪಾಳಿ."

ಶೈಲಜಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಹಾಲೇಶ ಗೇರು ಬದಲಿಸಿದ. ಫಿಯಟ್ ಸಂಡೂರಿನ ದಾರಿ ಹಿಡಿಯಿತು.