ತಪಾಸಣೆಯ ತನಕ ಒಂದು ಟಿಕೆಟ್

"ಬೆಲ್ಟ್ ನಿಲ್ಸಿ!"

ವಿನಯಾಳ ಕೂಗಿಗೆ ವಿಮಾನ ನಿಲ್ದಾಣದ ತಪಾಸಣೆ ಸಾಲು ಗಕ್ಕನೆ ನಿಂತಿತು. ಎಕ್ಸ್‌ರೇ ಪರದೆಯಲ್ಲಿ, ಬ್ಯಾಗಿನ ತಳದಲ್ಲಿ ಎರಡು ಉರುಟು ನೆರಳು... ತೋಟೆ! ಕೋವಿಯ ಗುಂಡು!

"ಈ ಬ್ಯಾಗ್ ಯಾರ್ದು?"

"ನಂದು."

ಅವಳು ತಲೆಯೆತ್ತಿ ನೋಡಿದಳು. ಹೊಸನಗರದ ಶ್ರೀಕರ! ಅಪ್ಪನನ್ನು ಕರೆದುಕೊಂಡು ಹೆಣ್ಣು ಕೇಳಲು ಬರುತ್ತೇನೆಂದು ಹೇಳಿ, ಸಾಗರದ ಅವಳ ಮನೆಯವರನ್ನೆಲ್ಲ ಕಾಯಿಸಿ ಕೈಕೊಟ್ಟವನು. ಅಂದೇ ಅವಳು ಅವನ ನಂಬರ್ ಬ್ಲಾಕ್ ಮಾಡಿದ್ದಳು.

ಬಂದೂಕು ಹಿಡಿದ ಇಬ್ಬರು ಅವನ ಬೆನ್ನ ಹಿಂದೆ ಬಂದು ನಿಂತರು. ಯಾರೋ ಮಗುವನ್ನೆತ್ತಿಕೊಂಡು ದೂರ ಸರಿದರು.

'ನೋಡದ ಹಾಗೆ ಬಿಟ್ಟುಬಿಡಬಹುದಿತ್ತಾ?' ಇಲ್ಲ... ವಿಮಾನ ಹತ್ತುವವರೆಲ್ಲ ಅವಳ ಕಣ್ಣನ್ನು ನಂಬಿಯೇ ಹತ್ತುವುದು.

"ಇದ್ಯಾಕೆ ತಂದ್ರಿ?" ಬಯಲುಸೀಮೆಯ ಅಧಿಕಾರಿ ಗುಡುಗಿದರು.

"ಅಪ್ಪಯ್ಯನ ಬ್ಯಾಗು ಸರ್, ಅವಸರದಲ್ಲಿ ತಂದ್ಬಿಟ್ಟೆ. ಅವ್ರು ಮಂಗ ಕಾಯೋಕೆ ಇಟ್ಕಂಡಿದ್ದು."

"ಮಂಗ ಕಾಯೋಕೆ ಗುಂಡಾ? ತಮಾಷೆ ಮಾಡ್ತೀರಾ?"

ವಿನಯಾ ತಡೆಯಲಾರದೆ ಬಾಯಿ ಹಾಕಿದಳು. "ಸರ್, ನಮ್ಮ ಕಡೆ ಮಂಗ ಕಾಯೋದು ಅಂದ್ರೆ ತೋಟಕ್ಕೆ ಬರದ ಹಾಗೆ ಓಡ್ಸೋದು."

ಅಧಿಕಾರಿ ಬ್ಯಾಗ್ ಕೊಡವಿದರು. "ಹೈದರಾಬಾದಿಗೆ ಹೊರಟವರ ಬ್ಯಾಗಲ್ಲಿ ಒಂದು ಅಂಗಿ ಇಲ್ಲ, ಗುಂಡು ಇದೆ! ಯಾಕೆ ಹೊರಟಿದ್ರಿ?"

ಶ್ರೀಕರ ತಲೆ ತಗ್ಗಿಸಿದ. ಪೊಲೀಸರ ಬೂಟಿನ ಸದ್ದು ಹತ್ತಿರವಾಯಿತು.

'ಮಾತಾಡೋ! ಸುಮ್ಮನಿದ್ರೆ ಜೈಲು ಖಾತ್ರಿ!'

ಆಗ ಅವಳಿಗೆ ಹೊಳೆಯಿತು. ಟಿಕೆಟ್ ಇಲ್ಲದೆ ಯಾರೂ ಅವಳ ಮೇಜಿನ ತನಕ ಬರುವಂತಿಲ್ಲ, ಅವನು ಟಿಕೆಟ್ ಕೊಂಡದ್ದು ಅದಕ್ಕೇ! ಅವಳ ಕೆಲಸಕ್ಕೆ ಕುತ್ತು ಬಂದೀತೆಂದು ಅವನು ಬಾಯಿ ಬಿಡುತ್ತಿಲ್ಲ...

"ಸರ್," ಅವಳು ಎಲ್ಲರೆದುರು ಎದ್ದು ನಿಂತಳು. "ಅವ್ರು ಬಂದಿದ್ದು ನನ್ನ ನೋಡೋಕೆ. ನಾನು ಅವ್ರನ್ನ ಪ್ರೀತಿಸ್ತೀನಿ. ಆದ್ರೆ ಬ್ಯಾಗ್ ನಿಲ್ಸಿದ್ದೂ ನಾನೇ."

ಶ್ರೀಕರನ ಅಪ್ಪಯ್ಯ ಕೋವಿಯ ಲೈಸೆನ್ಸ್ ತಂದು ತೋರಿಸಿ, ಪೊಲೀಸರು ಹೇಳಿಕೆ ಬರೆಸಿಕೊಂಡು ಬಿಡುವಷ್ಟರಲ್ಲಿ ಸಂಜೆಯಾಗಿತ್ತು. ಠಾಣೆಯ ಹೊರಗೆ ವಿನಯಾ ಕಾಯುತ್ತಿದ್ದಳು.

"ಅವತ್ತು ಯಾಕೆ ಬರ್ಲಿಲ್ಲ?"

"ಯೂನಿಫಾರ್ಮ್ ಹಾಕೋ ಹುಡುಗಿ ಬೇಡ ಅಂತ ಅಪ್ಪಯ್ಯ ಹಟ ಹಿಡಿದ್ರು. ಒಬ್ನೇ ಬರೋಕೆ ಧೈರ್ಯ ಸಾಲ್ಲಿಲ್ಲ, ತಪ್ಪು ನಂದೇ. ಇವತ್ತು ನೀನೇ ಬೇಕು ಅಂತ ಅವ್ರಿಗೆ ಹೇಳಿ ಹೊರಟೆ."

"ನಾನೇ ಹಿಡ್ಕೊಟ್ಟೆ... ಕೋಪ ಇಲ್ವಾ?"

"ನೀನು ಬ್ಯಾಗ್ ಬಿಟ್ಟಿದ್ರೆ ಸೀದಾ ಹೈದರಾಬಾದಿಗೆ ಹೋಗಿ ಬೀಳ್ತಿದ್ದೆ. ಅಲ್ಲಿ ನಂಗೆ ಯಾರಿದಾರೆ, ವಿನಯಾ?"

ಅವಳು ಅಳುತ್ತಲೇ ನಕ್ಕು ಅವನ ಕೈ ಹಿಡಿದಳು.

"ಎಲ್ಲಿಗೂ ಹೋಗ್ಬೇಡ ಮಾರಾಯ."